ಅಂಡಾಶಯದ ನೀರುಗುಳ್ಳೆ

ಕಾವೇರಿಯ ದಡದ ರುದ್ರಪಟ್ಟಣವು ಆರ್. ಕೆ. ಶ್ರೀಕಂಠನ್ ಅವರನ್ನೂ ರುದ್ರಪಟ್ಟಣಂ ಸಹೋದರರನ್ನೂ ಕೊಟ್ಟ ಸಂಗೀತಗ್ರಾಮವೆಂದು ನಾಡಿಗೆಲ್ಲ ಪರಿಚಿತವಾದುದು. ಆದರೆ ಅಲ್ಲಿಯ ಗೃಹಿಣಿಯೊಬ್ಬಳು ಕಿಬ್ಬೊಟ್ಟೆಯ ನೋವಿಗೆಂದು ಅರಕಲಗೂಡಿಗೆ ಹೋಗಿ, ಅಲ್ಲಿಂದ ಹಾಸನಕ್ಕೆ ಬಸ್ಸು ಹತ್ತಿ, ಲೋಟಗಟ್ಟಲೆ ನೀರು ಕುಡಿದು ಮೂತ್ರ ತಡೆದು ಸರದಿಗಾಗಿ ಕಾದು, ತಣ್ಣನೆಯ ಜೆಲ್ ಸವರಿದ ಹೊಟ್ಟೆಯ ಮೇಲೆ ಯಂತ್ರವನ್ನಾಡಿಸಿಕೊಂಡು ಹೊರಬಂದಾಗ, ಕೈಗೆ ಬಂದ ಚೀಟಿಯಲ್ಲಿ ‘ಬಲ ಅಂಡಾಶಯದಲ್ಲಿ ಸಿಂಪಲ್ ಸಿಸ್ಟ್, 4 ಸೆಂ.ಮೀ.’ ಎಂದಿದ್ದರೆ ಸಾಕು, ಮನೆಮಂದಿಯೆಲ್ಲ ಅದನ್ನು ಕ್ಯಾನ್ಸರ್ ಎಂದೇ ಓದಿಕೊಳ್ಳುವರು.

ವಾಸ್ತವವಾಗಿ ಅದು ಮಾಸಿಕಧರ್ಮದ ಉಚ್ಛಿಷ್ಟವೆನ್ನಬಹುದು. ತಿಂಗಳಿಗೊಮ್ಮೆ ಅಂಡಾಶಯದಲ್ಲಿ ಕೋಶಿಕೆಯೊಂದು ದ್ರವ ತುಂಬಿಕೊಂಡು ಸುಮಾರು 2 ಸೆಂ.ಮೀ.ಗೆ ಬೆಳೆದು, ಬಿರಿದು ಅಂಡಾಣುವನ್ನು ಹೊರಬಿಡುವುದು. ಅದು ಬಿರಿಯದೆ ಹಿಗ್ಗುತ್ತ ಹೋದರೂ, ಬಿರಿದ ಮೇಲೆ ಉಳಿಯುವ ಪೀತಪಿಂಡವು ಕರಗದೆ ನೀರನ್ನೋ ರಕ್ತವನ್ನೋ ತುಂಬಿಕೊಂಡರೂ, ಗುಳ್ಳೆಯಾಗುವುದು. ಮುಟ್ಟು ನಿಲ್ಲದ ಹೆಂಗಸರಲ್ಲಿ 5 ಸೆಂ.ಮೀ. ಒಳಗಿನ ಇಂತಹ ಸರಳ ಗುಳ್ಳೆಗಳು ಬಹುಮಟ್ಟಿಗೆ ಎರಡು ಮೂರು ಮುಟ್ಟುಗಳೊಳಗಾಗಿ ತಾವೇ ಕರಗುವುವು. ಗರ್ಭಧಾರಣೆಗೂ ಸಾಮಾನ್ಯವಾಗಿ ಅಡ್ಡಿಯಾಗವು. ಗರ್ಭನಿರೋಧಕ ಮಾತ್ರೆಯಿಂದ ಅವು ಬೇಗ ಕರಗುವುವೆಂಬ ನಂಬಿಕೆಗೆ ಆಧಾರವಿಲ್ಲ.

ಒಳಗಿರುವುದು ನೀರೋ ಗಟ್ಟಿಯೋ ಎಂದು ಹೊಟ್ಟೆ ಕೊಯ್ಯದೆ ತಿಳಿಯುವ ಈ ಸ್ಕ್ಯಾನಿಂಗ್ ಉಪಾಯವು ಬಹಳ ಹಳೆಯದಲ್ಲ. ಗ್ಲಾಸ್ಗೋ ನಗರದ ಇಯಾನ್ ಡೊನಾಲ್ಡ್ ಎಂಬ ಪ್ರಸೂತಿ ವೈದ್ಯರು, ಜಠರದ ಕ್ಯಾನ್ಸರು, ಇನ್ನು ಶಸ್ತ್ರಕ್ರಿಯೆಯಿಂದ ಫಲವಿಲ್ಲವೆಂದು ಇತರರು ಕೈಚೆಲ್ಲಿದ್ದ ಹೆಂಗಸೊಬ್ಬಳ ಉದರವನ್ನು ಶ್ರವಣಾತೀತ ಧ್ವನಿಯಿಂದ ಶೋಧಿಸಿ, ಅಲ್ಲಿದ್ದುದು ಅಂಡಾಶಯದ ದೊಡ್ಡ ಗುಳ್ಳೆಯೆಂದು ಕಂಡರು. ಅದನ್ನು ತೆಗೆದೊಡನೆ ಆಕೆ ಬದುಕಿಕೊಂಡಳು. ಆ ಪರೀಕ್ಷೆಗಳ ವರದಿ 1958ರಲ್ಲಿ ಪ್ರಕಟವಾಯಿತು.

ಕೂದಲು, ಹಲ್ಲುಗಳನ್ನೂ ಒಳಗೊಳ್ಳಬಲ್ಲ ಡರ್ಮಾಯ್ಡ್, ಹಳೆಯ ರಕ್ತ ಕಪ್ಪುಗಟ್ಟಿದ ‘ಚಾಕೊಲೇಟ್’ ಗುಳ್ಳೆ ಇವು ಸೌಮ್ಯವೇ ಆದರೂ ಕರಗುವ ಜಾತಿಯವಲ್ಲ. ಮುಟ್ಟು ನಿಂತವರಲ್ಲಿ ಕಂಡ ಗುಳ್ಳೆಗೆ ಸಿಎ-125 ರಕ್ತಪರೀಕ್ಷೆಯೂ ವಿಶೇಷ ಎಚ್ಚರವೂ ಬೇಕು. ತೆಗೆಯಲೇಬೇಕಾದಾಗಲೂ ಹರೆಯದವರಲ್ಲಿ ಗುಳ್ಳೆಯನ್ನಷ್ಟೇ ಬಿಡಿಸಿ ಅಂಡಾಶಯವನ್ನು ಉಳಿಸುವುದು ಸಾಧ್ಯವಿರುವಾಗ, ‘ಮಕ್ಕಳಾದವಲ್ಲ, ಎಲ್ಲವನ್ನೂ ತೆಗೆಸಿಬಿಡಿ’ ಎಂಬ ಸಲಹೆಯನ್ನು ನಾನು ಒಪ್ಪಲಾರೆ. ಅಕಾಲದಲ್ಲಿ ಎರಡೂ ಅಂಡಾಶಯಗಳನ್ನು ಕಳೆದುಕೊಂಡವಳಿಗೆ ಎಲುಬು ಸವೆಯುವ, ಹೃದ್ರೋಗ ತಗಲುವ ಭಯ ಹೆಚ್ಚು. ಅಂತಹ ಸಲಹೆಯ ಅತಿರೇಕವೆಂಬಂತೆ, ಕಲಬುರಗಿ ಜಿಲ್ಲೆಯ ತಾಂಡಾಗಳ ಬಡ ಹೆಣ್ಣುಮಕ್ಕಳಿಗೆ ಕ್ಯಾನ್ಸರಿನ ಭಯ ಹುಟ್ಟಿಸಿ ಗರ್ಭಕೋಶ ತೆಗೆದರೆಂಬ ಆರೋಪವು 2015ರಲ್ಲಿ ನಾಡನ್ನೇ ಕಲಕಿತು.

ಕಾಯಬಾರದ ಸಂದರ್ಭವೊಂದುಂಟು. ಗುಳ್ಳೆಯ ಭಾರಕ್ಕೆ ಅಂಡಾಶಯವು ತನ್ನ ತೊಟ್ಟಿನ ಮೇಲೆ ತಿರುಚಿಕೊಂಡರೆ ರಕ್ತಸಂಚಾರ ಕಡಿದು, ಹಠಾತ್ತನೆ ಒಂದು ಪಕ್ಕದಲ್ಲಿ ತಡೆಯಲಾರದ ಬೇನೆಯೂ ವಾಂತಿಯೂ ತೊಡಗುವುವು. ಇದನ್ನು ವಾಯುವೆಂದು ಬಗೆದು, ಓಮದ ಕಷಾಯ ಕುಡಿಸಿ, ಬೆಳಗಿನ ಬಸ್ಸಿಗೆ ಹೋದರಾಯಿತೆಂದು ಮಲಗುವ ಮನೆಗಳೇ ಹಳ್ಳಿಗಳಲ್ಲಿ ಹೆಚ್ಚು. ರಾತ್ರಿಯೇ 108ಕ್ಕೆ ಕರೆಮಾಡಿ ಹಾಸನದ ಹಿಮ್ಸ್‌ನಂತಹ ದೊಡ್ಡ ಆಸ್ಪತ್ರೆ ಸೇರಿದರೆ ಶಸ್ತ್ರವೈದ್ಯರು ನುಲಿಯನ್ನು ಬಿಡಿಸಿ ಅಂಡಾಶಯವನ್ನು ಉಳಿಸಬಲ್ಲರು. ಗಂಟೆಗಳು ಕಳೆದಂತೆ ಆ ಅವಕಾಶವು ಕ್ಷೀಣಿಸುವುದು.