ಊರಿನ ಆಟದ ಬಯಲು

ಐರ್ಲೆಂಡ್ ದ್ವೀಪದ ಜನರಿಗೆ ತಮ್ಮದೇ ಆದ ಆಟವೊಂದಿದೆ. ಅದರ ಹೆಸರು ಗೇಲಿಕ್ ಫುಟ್‌ಬಾಲ್. ತಂಡವೊಂದಕ್ಕೆ 15 ಮಂದಿ ಆಟಗಾರರು. ಚೆಂಡನ್ನು ಕಾಲಿನಿಂದ ಒದೆಯಬಹುದು, ಕೈಯಿಂದ ಹಿಡಿಯಬಹುದು, ಮುಷ್ಟಿಯಿಂದ ಹೊಡೆದು ಸಂಗಡಿಗನಿಗೆ ಸಾಗಿಸಬಹುದು. ಚೆಂಡು ಅಡ್ಡಪಟ್ಟಿಯ ಕೆಳಗೆ ಬಲೆಯನ್ನು ಸೇರಿದರೆ 3 ಅಂಕ. ಪಟ್ಟಿಯ ಮೇಲೆ, ಎರಡು ಕಂಬಗಳ ನಡುವೆ ಹಾದುಹೋದರೆ ಸಾಮಾನ್ಯವಾಗಿ 1 ಅಂಕ.

ಹತ್ತೊಂಬತ್ತನೆಯ ಶತಮಾನದಲ್ಲಿ ಐರ್ಲೆಂಡ್ ಬ್ರಿಟಿಷರ ಆಳ್ವಿಕೆಯಲ್ಲಿತ್ತು. ಆಳುವವರ ಆಟಗಳ ಮುಂದೆ ನಾಡಿನ ಆಟಗಳು ಮಂಕಾಗುತ್ತಿದ್ದುವು. ಇದನ್ನು ಕಂಡು ಮರುಗಿದ ಮೈಕೇಲ್ ಕ್ಯೂಸಾಕ್ ಮೊದಲಾದವರು 1884ರ ನವೆಂಬರ್ 1ರಂದು ಥರ್ಲ್ಸ್ ಪಟ್ಟಣದಲ್ಲಿ ಸಭೆ ಸೇರಿ ಗೇಲಿಕ್ ಅಥ್ಲೆಟಿಕ್ ಸಂಘವನ್ನು ಸ್ಥಾಪಿಸಿದರು. ಊರೂರುಗಳಲ್ಲಿ ಅದರ ಆಶ್ರಯದಲ್ಲಿ ಕ್ಲಬ್ಬುಗಳು ಹುಟ್ಟಿದುವು. ಇಲ್ಲಿ ಆಡುವವರಿಗೆ ಸಂಬಳವಿಲ್ಲ. ಹಗಲು ತಮ್ಮ ತಮ್ಮ ಕಸುಬಿನಲ್ಲಿ ದುಡಿದು, ಸಂಜೆ ಅಭ್ಯಾಸಕ್ಕೆ ಬರುವವರೇ ಊರಿನ ಮಾನಕ್ಕಾಗಿ ಆಡುತ್ತಾರೆ.

ಅರ್ಮಾ ಕೌಂಟಿಯ ದಕ್ಷಿಣದಲ್ಲಿ ಕ್ರಾಸ್‌ಮಗ್ಲೆನ್ ಎಂಬ ಪುಟ್ಟ ಪಟ್ಟಣವಿದೆ. ಅಲ್ಲಿಯ ಕ್ರಾಸ್‌ಮಗ್ಲೆನ್ ರೇಂಜರ್ಸ್ ಕ್ಲಬ್ಬು 1887ರಲ್ಲಿ ಸ್ಥಾಪಿತವಾಯಿತು. 1921ರಲ್ಲಿ ಐರ್ಲೆಂಡ್ ಇಬ್ಭಾಗವಾದಾಗ ಈ ಊರು ಗಡಿಯ ಅಂಚಿನಲ್ಲಿ, ಬ್ರಿಟನ್ನಿನ ಅಧೀನದ ಉತ್ತರ ಭಾಗದಲ್ಲಿ ಉಳಿಯಿತು. ಐರ್ಲೆಂಡಿನೊಡನೆ ಒಂದಾಗಬೇಕೆನ್ನುವವರಿಗೂ ಬ್ರಿಟನ್ನಿನೊಡನೆಯೇ ಇರಬೇಕೆನ್ನುವವರಿಗೂ ಇದ್ದ ವಿರೋಧ 1960ರ ದಶಕದ ಕೊನೆಗೆ ಹಿಂಸೆಯ ರೂಪ ತಾಳಿತು. ಗಡಿಯ ಈ ಸೀಮೆಯಲ್ಲಿ ಸೈನಿಕರೂ ನಾಗರಿಕರೂ ಪ್ರಾಣ ತೆತ್ತರು.

ಆ ಸಂಕಟ ಆಟದ ಬಯಲಿಗೂ ಬಂದಿತು. 1970ರ ದಶಕದಲ್ಲಿ ಬ್ರಿಟಿಷ್ ಸೇನೆಯು ಮೈದಾನದ ಪಕ್ಕದ ತನ್ನ ಠಾಣೆಗಾಗಿ ಕ್ಲಬ್ಬಿನ ನೆಲದ ಒಂದು ಭಾಗವನ್ನು ವಶಪಡಿಸಿಕೊಂಡಿತು. ಠಾಣೆಗೆ ಬಂದುಹೋಗುವ ಹೆಲಿಕಾಪ್ಟರುಗಳ ಅಬ್ಬರದಲ್ಲಿ ಆಟಕ್ಕೆ ಅಡ್ಡಿಯಾಗುತ್ತಿತ್ತು. ಆದರೂ ಊರಿನವರು ಬಯಲನ್ನು ತೊರೆದು ಹೋಗಲಿಲ್ಲ. ಉಳಿದ ನೆಲದಲ್ಲಿಯೇ ಹಿರಿಯರು ಆಡಿದರು. ಕಿರಿಯರು ನೋಡಿ ಕಲಿತರು.

ಈ ಸಹನೆ ಫಲಿಸದೆ ಹೋಗಲಿಲ್ಲ. 1996ರಿಂದ 2008ರವರೆಗೆ ರೇಂಜರ್ಸ್ ತಂಡವು ಸತತವಾಗಿ 13 ವರ್ಷ ಅರ್ಮಾ ಕೌಂಟಿಯ ಪ್ರಶಸ್ತಿಯನ್ನು ತನ್ನದಾಗಿಸಿಕೊಂಡಿತು. ಊರಿನವರೇ ಆದ ಜೋ ಕರ್ನನ್ ಅವರ ಮಾರ್ಗದರ್ಶನದಲ್ಲಿ 1997, 1999 ಮತ್ತು 2000ರಲ್ಲಿ ಅಖಿಲ ಐರ್ಲೆಂಡ್ ಕ್ಲಬ್ ಪ್ರಶಸ್ತಿಯನ್ನು ಗೆದ್ದಿತು. ಮುಂದೆ 2007, 2011, 2012ರಲ್ಲಿಯೂ ಅದೇ ಗೌರವ ಒಲಿಯಿತು. ಕರ್ನನ್ ಅವರೇ ತರಬೇತು ನೀಡಿದ ಅರ್ಮಾ ಕೌಂಟಿ ತಂಡವು 2002ರಲ್ಲಿ ಮೊಟ್ಟಮೊದಲ ಬಾರಿಗೆ ಅಖಿಲ ಐರ್ಲೆಂಡ್ ಪದವಿಗೇರಿತು. ಆ ತಂಡದಲ್ಲಿ ಕ್ರಾಸ್‌ಮಗ್ಲೆನ್ನಿನ ಹುಡುಗರು ಹಲವರಿದ್ದರು.

1998ರಲ್ಲಿ ಶಾಂತಿಯ ಒಪ್ಪಂದವಾಯಿತು. 2007ರಲ್ಲಿ ಉತ್ತರ ಐರ್ಲೆಂಡಿನಲ್ಲಿ ಸೇನೆಯ ದೀರ್ಘ ಕಾರ್ಯಾಚರಣೆ ಕೊನೆಗೊಂಡಿತು. ಕಳೆದುಹೋಗಿದ್ದ ನೆಲ ಮರಳಿ ಕ್ಲಬ್ಬಿನ ಕೈಸೇರಿತು.

ಕಪಾಟಿನಲ್ಲಿರುವ ಬೆಳ್ಳಿಯ ಬಟ್ಟಲುಗಳು ಒಂದು ಕ್ಲಬ್ಬಿನ ಗೆಲುವನ್ನು ಮಾತ್ರ ತಿಳಿಸುತ್ತವೆ. ನೆಲ ಕಿರಿದಾದಾಗಲೂ ಅದರ ಮೇಲೆ ಪ್ರತಿದಿನ ಆಡಲು ಬಂದವರು ಯಾರು ಎಂಬುದನ್ನು ಅವು ಹೇಳಲಾರವು. ಅದನ್ನು ಹೇಳುವುದು ಆ ಬಯಲು.