ಹಿತ್ತಿಲ ಬಿತ್ತನೆಗಾರ ಪಿಕಳಾರ

ಯಾರೂ ನೆಡದ ಸೂಜಿಮೆಣಸಿನ ಗಿಡ ಬಾವಿಕಟ್ಟೆಯ ಬುಡದಲ್ಲೋ ಬೇಲಿಗೂಟದ ಪಕ್ಕದಲ್ಲೋ ಎದ್ದು ನಿಲ್ಲುವುದು ಜೋಯಿಡಾ, ದಾಂಡೇಲಿ ಕಡೆಯ ಮನೆಗಳಲ್ಲಿ ಹೊಸದಲ್ಲ. ಗಿಡ ಎದ್ದ ಜಾಗದಲ್ಲಿ ನಿಂತು ಕತ್ತೆತ್ತಿ ನೋಡಿ, ಮೇಲೊಂದು ತಂತಿಯೋ ಟೊಂಗೆಯೋ ಇರುತ್ತದೆ. ಅಲ್ಲಿ ಕೂತು ಹೋದದ್ದು ಹೆಚ್ಚಾಗಿ ಪಿಕಳಾರವೇ. ಬುಲ್‌ಬುಲ್ ಎಂದು ಊರೆಲ್ಲ ಕರೆಯುವ ಹಕ್ಕಿ.

ಅಂಗಳಕ್ಕೆ ಬರುವ ಪಿಕಳಾರಗಳಲ್ಲಿ ಚೆಲುವ ಕೆಮ್ಮೀಸೆ. ತಲೆಯ ಮೇಲೆ ಚೂಪಾದ ಕಪ್ಪು ಜುಟ್ಟು, ಬಿಳಿ ಕೆನ್ನೆ, ಕಣ್ಣಿನ ಹಿಂದೆ ಪುಟ್ಟದೊಂದು ಕೆಂಪು ಗುರುತು, ಬಾಲದ ಬುಡದಲ್ಲಿ ಮತ್ತೆ ಕೆಂಪು. ಗಂಡು ಹೆಣ್ಣು ನೋಡಲು ಒಂದೇ. ಮರಿಗಳಿಗೆ ಮಾತ್ರ ಕಣ್ಣಿನ ಹಿಂದಿನ ಕೆಂಪು ಇರುವುದಿಲ್ಲ, ಬೆಳೆದ ಮೇಲೆ ಮೂಡುತ್ತದೆ. ಬೆಳಕು ಹರಿಯುತ್ತಿದ್ದಂತೆ ಎತ್ತರದ ತುದಿಯಲ್ಲಿ ಕೂತು ಜೋರಾಗಿ ಕೂಗುವುದು ಇದರ ಚಾಳಿ.

ಉತ್ತರ ಕನ್ನಡದ ಮುಂಡಗೋಡ, ಹಳಿಯಾಳ, ದಾಂಡೇಲಿ, ಜೋಯಿಡಾ ತಾಲ್ಲೂಕುಗಳಲ್ಲಿ ಪಶ್ಚಿಮಕ್ಕೆ ಸರಿದಂತೆ ಮಳೆ ಏರುತ್ತದೆ, ಪಿಕಳಾರಗಳ ಬಣ್ಣವೂ ಏರುತ್ತದೆ. ಮುಂಡಗೋಡ, ಹಳಿಯಾಳದ ಗದ್ದೆಬಯಲು ಮತ್ತು ಕುರುಚಲಿನಲ್ಲಿ ಕರಿತಲೆಯ, ಬಾಲದಡಿ ಕೆಂಪಿರುವ ಸಾದಾ ಪಿಕಳಾರದ್ದೇ ಕಾರುಬಾರು. ದಾಂಡೇಲಿ ಹತ್ತಿರವಾದಂತೆ ಕೆಮ್ಮೀಸೆ ಹೆಚ್ಚುತ್ತದೆ. ಜೋಯಿಡಾದ ದಟ್ಟ ಕಾಡಿನಂಚಿಗೆ ಹೋದರೆ ಹಳದಿ ಹುಬ್ಬಿನದು ಸಿಗುತ್ತದೆ. ಹಳದಿ ಮೈ, ಕಪ್ಪು ತಲೆ, ಕೆಂಪು ಗಂಟಲಿನದೂ ಸಿಗುತ್ತದೆ. ಈ ಕೆಂಪು ಗಂಟಲಿನ ಪಿಕಳಾರ ಪಶ್ಚಿಮಘಟ್ಟ ಬಿಟ್ಟರೆ ಜಗತ್ತಿನಲ್ಲಿ ಇನ್ನೆಲ್ಲೂ ಇಲ್ಲ. ಪಕ್ಕದ ಗೋವಾಕ್ಕೆ ಅದೇ ರಾಜ್ಯಪಕ್ಷಿ. ಸೂಪಾ ಅಣೆಕಟ್ಟು ಕಟ್ಟುವಾಗ ಸಿಡಿಮದ್ದು ಇಡುತ್ತಿದ್ದ ಗಣೇಶಗುಡಿಯ ಓಲ್ಡ್ ಮ್ಯಾಗಝೀನ್ ಹೌಸ್ ಈಗ ಪ್ರವಾಸಿಗರ ತಂಗುದಾಣ. ಅಲ್ಲಿ ಇಟ್ಟ ನೀರಿನ ತೊಟ್ಟಿಗಳಿಗೆ ಈ ಕೆಂಪು ಗಂಟಲಿನ ಹಕ್ಕಿ ಮೀಯಲು ಬರುತ್ತದೆ. ಅದರ ಫೋಟೊಕ್ಕಾಗಿ ದೂರದೂರಿಂದ ಬರುವವರಿಗೆ ತಮ್ಮ ಹಿತ್ತಿಲ ಕೆಮ್ಮೀಸೆ ಕಣ್ಣಿಗೆ ಬೀಳುವುದಿಲ್ಲ, ಅದು ಬೇರೆ ಮಾತು.

ಬಣ್ಣಕ್ಕಿಂತ ಸ್ವಾರಸ್ಯ ಇರುವುದು ಪಿಕಳಾರದ ಹೊಟ್ಟೆಯಲ್ಲಿ. ತೋಟದಲ್ಲಿ ಕಾಳುಮೆಣಸು ಬಳ್ಳಿಯಲ್ಲೇ ಕೆಂಪಾಯಿತೆಂದರೆ ಹಕ್ಕಿ ಹಾಜರ್. ಕಾಳನ್ನು ಒಡೆಯುವುದಿಲ್ಲ, ಇಡಿಯಾಗಿ ನುಂಗುತ್ತದೆ. ಮೇಲಿನ ಸಿಪ್ಪೆ, ತಿರುಳು ಕರಗುತ್ತವೆ. ಒಳಗಿನ ಬಿಳಿ ಬೀಜ ಹಿಕ್ಕೆಯೊಡನೆ ಅಡಿಕೆ ಮರದ ಬುಡಕ್ಕೆ ಬೀಳುತ್ತದೆ. ಅದನ್ನು ಆಯ್ದು ತೊಳೆದು ಒಣಗಿಸಿದರೆ ಬೋಳುಕಾಳು, ಅಂದರೆ ಬಿಳಿ ಮೆಣಸು. ಮನುಷ್ಯರು ಇದೇ ಕೆಲಸಕ್ಕೆ ಹಣ್ಣು ಮೆಣಸನ್ನು ದಿನಗಟ್ಟಲೆ ನೀರಿನಲ್ಲಿ ಕೊಳೆಹಾಕಬೇಕು.

ಸೂಜಿಮೆಣಸಿನ ಗುಟ್ಟು ಇನ್ನೂ ಚೆಂದ. ಮೆಣಸಿನಕಾಯಿಯ ಖಾರಕ್ಕೆ ಕಾರಣ ಕ್ಯಾಪ್ಸೈಸಿನ್ ಎಂಬ ರಾಸಾಯನಿಕ. ಸಸ್ತನಿಗಳ ನರದ ತುದಿಯಲ್ಲಿ ಬಿಸಿಯನ್ನು ಗುರುತಿಸುವ ಒಂದು ಪ್ರೋಟೀನ್ ಇದೆ; ಕ್ಯಾಪ್ಸೈಸಿನ್ ಅದಕ್ಕೆ ತಾಗಿದ ಕೂಡಲೇ ಮಿದುಳಿಗೆ ‘ಸುಡುತ್ತಿದೆ’ ಎಂಬ ಸುಳ್ಳು ಸುದ್ದಿ ಹೋಗುತ್ತದೆ. ಹಕ್ಕಿಗಳಲ್ಲೂ ಆ ಪ್ರೋಟೀನ್ ಇದೆ, ಬಿಸಿ ತಾಗಿದರೆ ಅವಕ್ಕೂ ತಿಳಿಯುತ್ತದೆ. ಆದರೆ ಅದರ ರಚನೆ ತುಸು ಬೇರೆಯಾದ್ದರಿಂದ ಕ್ಯಾಪ್ಸೈಸಿನ್ ಆಟ ನಡೆಯುವುದಿಲ್ಲ. ಗಿಡಕ್ಕೆ ಇದರಿಂದ ಲಾಭವೇ. ಇಲಿ ತಿಂದರೆ ಬೀಜ ಹಲ್ಲಿಗೆ ಸಿಕ್ಕಿ ಪುಡಿಯಾಗುತ್ತದೆ. ಹಲ್ಲಿಲ್ಲದ ಪಿಕಳಾರ ನುಂಗಿ, ಹಾರಿ, ಬೇರೆಡೆ ಕೂತು, ಬೀಜವನ್ನು ಗೊಬ್ಬರ ಸಮೇತ ಕೆಡವುತ್ತದೆ. ಶ್ರೀಗಂಧ, ಕವಳಿ, ಗಸಗಸೆ ಹಣ್ಣಿನ ಮರ, ಎಲ್ಲವೂ ಹರಡುವುದು ಹೀಗೆಯೇ.

ಪಿಕಳಾರಕ್ಕೆ ಹಣ್ಣು ಬೇಕಾಗಲು ಮೈಯೊಳಗೂ ಒಂದು ಕಾರಣವಿದೆ. ಬಹುತೇಕ ಪ್ರಾಣಿಗಳು ತಮಗೆ ಬೇಕಾದ ವಿಟಮಿನ್ ಸಿಯನ್ನು ತಾವೇ ತಯಾರಿಸಿಕೊಳ್ಳುತ್ತವೆ, ಮನುಷ್ಯರಿಗೆ ಆಗದು. ಪಿಕಳಾರಕ್ಕೂ ಆಗದು ಎಂಬುದನ್ನು ರಾಯ್ ಮತ್ತು ಗುಹಾ ಎಂಬ ವಿಜ್ಞಾನಿಗಳು 1958ರಲ್ಲೇ ತೋರಿಸಿದರು. ಆಮೇಲೆ ಇನ್ನೂ ಅನೇಕ ಹಕ್ಕಿಗಳು ಇದೇ ಪಟ್ಟಿಗೆ ಸೇರಿದವು.

ಹಾಗಂತ ಬರೀ ಹಣ್ಣಿನ ಮೇಲೆ ಮರಿ ಸಾಕಲಾಗದು. ಮೊಟ್ಟೆಯೊಡೆದ ಮೊದಲ ದಿನಗಳಲ್ಲಿ ಕಂಬಳಿಹುಳ, ಮಿಡತೆಯಂಥ ಮೆತ್ತನೆಯ ಹುಳಹುಪ್ಪಟೆಯೇ ಊಟ. ಚಳಿ ಇಳಿಯುವ ಹೊತ್ತಿಗೆ ಶುರುವಾಗುವ ಸಂಸಾರ ಮಳೆಗಾಲದ ಬಾಗಿಲತನಕ ನಡೆಯುತ್ತದೆ. ದಾಸವಾಳದ ಪೊದೆಯಲ್ಲಿ, ಕ್ರೋಟನ್ ಗಿಡದಲ್ಲಿ, ಕೆಲವೊಮ್ಮೆ ಜಗುಲಿಯ ತೂಗುಕುಂಡದಲ್ಲೇ ಬೇರು, ಕಡ್ಡಿ, ಹುಲ್ಲು, ಪ್ಲಾಸ್ಟಿಕ್ ಚೂರು ಸೇರಿಸಿ ಬಟ್ಟಲಿನಂಥ ಗೂಡು. ಎರಡು ಮೂರು ಮೊಟ್ಟೆ, ಸುಮಾರು 12 ದಿನ ಕಾವು, ಇನ್ನೊಂದು ಅಷ್ಟೇ ದಿನಕ್ಕೆ ಮರಿ ಗೂಡು ಬಿಡುತ್ತದೆ. ಅಷ್ಟರೊಳಗೆ ಕಾಗೆ, ಕೆಂಬೂತ, ಓತಿಕ್ಯಾತ ಬಂದು ಬಾಚಿಕೊಂಡು ಹೋಗುವುದೇ ಹೆಚ್ಚು. ಶತ್ರು ಹತ್ತಿರ ಬಂದಾಗ ಕೆಮ್ಮೀಸೆ ರೆಕ್ಕೆ ಮುರಿದಂತೆ ನಟಿಸಿ ಅದನ್ನು ಗೂಡಿನಿಂದ ದೂರ ಎಳೆದೊಯ್ಯುವುದೂ ಉಂಟು.

ಪಿಕಳಾರವನ್ನು ಸಾಧು ಎಂದೇ ಹೊಗಳುವಂತಿಲ್ಲ. ಲಂಟಾನದ ಹಣ್ಣನ್ನೂ ಅದು ಬಿಡುವುದಿಲ್ಲ. ನಮ್ಮ ಕಾಡಂಚಿನಲ್ಲಿ ಆ ಪೊದೆ ಹಬ್ಬಿದ್ದರಲ್ಲಿ ಇದಕ್ಕೂ ಪಾಲಿದೆ. ಸಾದಾ ಪಿಕಳಾರ ಫಿಜಿ, ಹವಾಯಿ ದ್ವೀಪಗಳನ್ನು ಸೇರಿ ಅಲ್ಲಿನ ತೋಟಗಳಿಗೆ ಪೀಡೆಯಾಗಿ, ಜಗತ್ತಿನ 100 ಕೆಟ್ಟ ಆಕ್ರಮಣಕಾರಿ ಜೀವಿಗಳ ಪಟ್ಟಿಗೂ ಏರಿದೆ. ಕೆಮ್ಮೀಸೆ 1892ರಲ್ಲೇ ಮಾರಿಷಸ್‌ಗೆ ಹೋಗಿ ನೆಲೆಯೂರಿತು. ತಪ್ಪು ಪಂಜರದಲ್ಲಿಟ್ಟು ಹಡಗು ಹತ್ತಿಸಿದವರದ್ದು.

ನಮ್ಮಲ್ಲಿ ಅದು ಮನೆಯ ಹಕ್ಕಿ, ಕೆಲಸದ ಹಕ್ಕಿ. ಗೂಡು ಕಂಡರೆ ಮೊಬೈಲ್ ಹಿಡಿದು ಎಲೆ ಸರಿಸಬೇಡಿ. ನೀವು ಸರಿಸಿದ ಎಲೆಯ ಸಂದಿನಲ್ಲೇ ಕಾಗೆಯೂ ಇಣುಕುತ್ತದೆ. ಬೇಲಿಯ ಕವಳಿ ಗಿಡವನ್ನು ಕಡಿದು ತಂತಿ ಎಳೆಯುವ ಮುನ್ನ ಒಂದೆರಡನ್ನಾದರೂ ಉಳಿಸಿ. ಮತ್ತೆ, ಪಿಕಳಾರವನ್ನು ಹಿಡಿದು ಪಂಜರದಲ್ಲಿಡುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ.