ಹಸಿರು ಮೇಜಿನ ಬಾಲಪ್ರತಿಭೆ

ದೆಹಲಿಗೆ ಬಂದು ನೆಲೆಸಿರುವ ನಮ್ಮವರ ಮನೆಗಳಲ್ಲಿ ಈಚೆಗೆ ಒಂದು ಚಿಂತೆ ಕೇಳಿಬರುತ್ತಿದೆ. ಹುಡುಗ ಶಾಲೆಯಿಂದ ಹೊರಟದ್ದು ಎರಡು ಗಂಟೆಗೆ, ಮನೆ ಸೇರಿದ್ದು ಆರಕ್ಕೆ. ನಡುವೆ ಎಲ್ಲಿದ್ದೆಯಪ್ಪಾ ಎಂದರೆ, ಮಾರುಕಟ್ಟೆಯ ನೆಲಮಾಳಿಗೆಯಲ್ಲಿರುವ ಪೂಲ್ ಪಾರ್ಲರಿನಲ್ಲಿ. ಗಂಟೆಗೆ ಇಷ್ಟು ಎಂದು ಹಣ ತೆತ್ತು ಆಡುವ ಇಂಥ ಸ್ಥಳಗಳು ದೆಹಲಿಯಲ್ಲೂ ಉಂಟು, ನೋಯ್ಡಾ, ಗುರುಗ್ರಾಮ, ಫರೀದಾಬಾದುಗಳಲ್ಲೂ ಉಂಟು. ‘ಹುಡುಗ ಕೆಟ್ಟ’ ಎಂದು ತಂದೆ ಕೊರಗುತ್ತಾರೆ. ‘ಪಂಕಜ್ ಅಡ್ವಾಣಿ ಆಡಲಿಲ್ಲವೇ?’ ಎಂದು ಹುಡುಗ ಎದುರು ನುಡಿಯುತ್ತಾನೆ. ಹುಡುಗನ ಮಾತು ಸುಳ್ಳಲ್ಲ. ಆದರೆ ಅಡ್ವಾಣಿಯವರು ಆಡಿದ್ದು ಹೇಗೆ, ಯಾರ ಕಣ್ಣೆದುರಿಗೆ, ಎಷ್ಟು ವರ್ಷ ಎಂಬುದನ್ನು ತಂದೆಯೂ ಮಗನೂ ಇಬ್ಬರೂ ತಿಳಿದಂತಿಲ್ಲ. ಆ ವಿಚಾರವನ್ನೇ ಈ ಸಲ ಬರೆಯುತ್ತಿದ್ದೇವೆ.

ಮೊದಲು ಆಟದ ಪರಿಚಯ. ಕೋಲಿನ ತುದಿಯಿಂದ ಚೆಂಡನ್ನು ತಳ್ಳಿ ಆಡುವ ಆಟಗಳಲ್ಲಿ ನಮ್ಮಲ್ಲಿ ಬಳಕೆಯಲ್ಲಿರುವುವು ಮೂರು: ಬಿಲಿಯರ್ಡ್ಸ್, ಸ್ನೂಕರ್, ಪೂಲ್. ಕೋಲಿಗೆ ಕ್ಯೂ ಎಂದು ಹೆಸರು. ಕೇರಂ ಆಡಿದವರಿಗೆ ಇವು ಬಲು ಬೇಗ ಅರ್ಥವಾಗುತ್ತವೆ. ಕೇರಮ್ಮಿನ ಸ್ಟ್ರೈಕರಿನ ಕೆಲಸವನ್ನು ಇಲ್ಲಿ ಬಿಳಿಯ ಚೆಂಡು ಮಾಡುತ್ತದೆ, ಕಾಯಿಗಳ ಬದಲು ಬಣ್ಣದ ಚೆಂಡುಗಳು, ನಾಲ್ಕು ಮೂಲೆಗಳ ಜೊತೆಗೆ ಉದ್ದದ ಬದಿಗಳ ನಡುವೆ ಒಂದೊಂದು, ಹೀಗೆ ಒಟ್ಟು ಆರು ಪಾಕೆಟ್ಟುಗಳು.

ಬಿಲಿಯರ್ಡ್ಸಿಗೂ ಸ್ನೂಕರಿಗೂ ಮೇಜು ಒಂದೇ: 12 ಅಡಿ ಉದ್ದ, 6 ಅಡಿ ಅಗಲ, ನೆಲದಿಂದ ಸುಮಾರು 34 ಅಂಗುಲ ಎತ್ತರ. ಬಿಲಿಯರ್ಡ್ಸಿನಲ್ಲಿ ಚೆಂಡು ಮೂರೇ ಮೂರು. ತನ್ನ ಚೆಂಡು ಉಳಿದೆರಡನ್ನೂ ತಾಗಿದರೆ 2 ಅಂಕ, ಕೆಂಪು ಚೆಂಡನ್ನು ಪಾಕೆಟ್ಟಿಗೆ ಬೀಳಿಸಿದರೆ 3. ಬೇರೆ ಚೆಂಡನ್ನು ತಾಗಿ ತನ್ನ ಚೆಂಡೇ ಪಾಕೆಟ್ಟಿಗೆ ಬಿದ್ದರೂ ಅಂಕ ಉಂಟು. ಸ್ಟ್ರೈಕರ್ ಬಿದ್ದರೆ ದಂಡ ಕಟ್ಟುವ ಕೇರಂ ಆಟಗಾರನಿಗೆ ಇದು ವಿಚಿತ್ರವಾಗಿ ತೋರಬಹುದು. ಸ್ನೂಕರಿನಲ್ಲಿ ಚೆಂಡು 22. ಹದಿನೈದು ಕೆಂಪು ಚೆಂಡುಗಳಿಗೆ ಒಂದೊಂದು ಅಂಕ, ಹಳದಿಗೆ 2, ಹಸಿರಿಗೆ 3, ಕಂದಿಗೆ 4, ನೀಲಿಗೆ 5, ಗುಲಾಬಿಗೆ 6, ಕಪ್ಪಿಗೆ 7. ಒಂದು ಕೆಂಪು, ಒಂದು ಬಣ್ಣ, ಮತ್ತೆ ಕೆಂಪು ಎಂಬ ಕ್ರಮದಲ್ಲಿ ತಪ್ಪದೆ ಬೀಳಿಸುತ್ತಾ ಹೋದರೆ ಒಂದೇ ಸರದಿಯಲ್ಲಿ ಸಾಮಾನ್ಯವಾಗಿ ಪಡೆಯಬಹುದಾದ ಅತಿ ಹೆಚ್ಚಿನ ಮೊತ್ತ 147. ಪೂಲಿನ ಮೇಜು ಇದಕ್ಕಿಂತ ಚಿಕ್ಕದು, ಪಂದ್ಯಗಳಲ್ಲಿ 9 ಅಡಿಗೆ ನಾಲ್ಕೂವರೆ ಅಡಿ. ಚೆಂಡು ಮಾತ್ರ ತುಸು ದೊಡ್ಡದು, ಮೈಮೇಲೆ ಸಂಖ್ಯೆ ಬರೆದಿರುತ್ತದೆ, ಪಾಕೆಟ್ಟಿನ ಬಾಯಿಯೂ ಹೆಚ್ಚು ಉದಾರ. ಹೊಸಬನಿಗೆ ಮೊದಲ ದಿನವೇ ನಾಲ್ಕು ಚೆಂಡು ಬೀಳುವುದರಿಂದ ಪಾರ್ಲರಿನ ಮಾಲೀಕರಿಗೆ ಪೂಲಿನ ಮೇಜೇ ಪ್ರೀತಿ.

ಚೆಂಡನ್ನು ಬೀಳಿಸುವುದೇ ಆಟವೆಂದು ನೋಡುವವರು ತಿಳಿಯುತ್ತಾರೆ. ಬಲ್ಲವರು ನೋಡುವುದು ಬೇರೆ. ಚೆಂಡು ಬಿದ್ದ ಮೇಲೆ ಬಿಳಿಯ ಚೆಂಡು ಎಲ್ಲಿ ಹೋಗಿ ನಿಂತಿತು, ಮುಂದಿನ ಹೊಡೆತಕ್ಕೆ ಅನುಕೂಲವಾಯಿತೆ ಇಲ್ಲವೆ ಎಂಬುದರ ಮೇಲೆಯೇ ಎಲ್ಲ ನಿಂತಿದೆ. ಬಿಳಿಯ ಚೆಂಡಿನ ಕೆಳಭಾಗಕ್ಕೆ ತಾಗಿಸಿದರೆ ಅದು ಹಿಂದಕ್ಕೆ ಬರುತ್ತದೆ, ಮೇಲ್ಭಾಗಕ್ಕೆ ತಾಗಿಸಿದರೆ ಮುಂದಕ್ಕೆ ಉರುಳುತ್ತದೆ, ಪಕ್ಕಕ್ಕೆ ತಾಗಿಸಿದರೆ ಅಂಚಿಗೆ ಬಡಿದು ಓರೆಯಾಗಿ ತಿರುಗುತ್ತದೆ. ಕೂದಲೆಳೆಯ ವ್ಯತ್ಯಾಸಕ್ಕೂ ಫಲ ಬೇರೆಯಾಗುವುದು. ಇದು ಕೈಗೆ ಹತ್ತಬೇಕಾದರೆ ಒಂದೇ ಹೊಡೆತವನ್ನು ನೂರು ಸಲ, ಸಾವಿರ ಸಲ ಹೊಡೆಯಬೇಕು. ಎಳೆಯ ವಯಸ್ಸಿನಲ್ಲಿ ತೋಳು ನೇರವಾಗಿ ಚಲಿಸುವ ಅಭ್ಯಾಸ ಬಿದ್ದರೆ ಅದು ಮುಂದೆ ಬಿಡುವುದಿಲ್ಲ. ಸೊಟ್ಟ ಅಭ್ಯಾಸ ಬಿದ್ದರೂ ಹಾಗೆಯೇ, ಅದೂ ಬಿಡುವುದಿಲ್ಲ!

ಈ ಆಟ ನಮಗೆ ಹೊರಗಿನದೆಂದು ಹೇಳುವಂತಿಲ್ಲ. ಸ್ನೂಕರ್ ಹುಟ್ಟಿದ್ದೇ ನಮ್ಮ ದೇಶದಲ್ಲಿ. 1875ರಲ್ಲಿ ಜಬಲಪುರದ ಸೇನಾ ಶಿಬಿರದಲ್ಲಿ ನೆವಿಲ್ ಚೇಂಬರ್ಲೇನ್ ಎಂಬ ತರುಣ ಅಧಿಕಾರಿ ಅದನ್ನು ಹೂಡಿದನೆಂದೂ, ನಮ್ಮ ಮೈಸೂರು ಸೀಮೆಗೆ ಹೊಂದಿಕೊಂಡಿರುವ ಊಟಿಯ ಕ್ಲಬ್ಬಿನಲ್ಲಿ ಅದರ ನಿಯಮಗಳು ನೆಲೆಗೊಂಡುವೆಂದೂ ಪ್ರಸಿದ್ಧಿ. ಆದರೆ ಬಹುಕಾಲ ಆ ಮೇಜು ಕ್ಲಬ್ಬಿನ ಬಾಗಿಲೊಳಗೇ ಉಳಿಯಿತು. ಸದಸ್ಯನಲ್ಲದವನಿಗೆ ಅದರ ದರ್ಶನವೂ ದುರ್ಲಭ. ಅಂಥ ಕಾಲದಲ್ಲಿಯೇ ವಿಲ್ಸನ್ ಜೋನ್ಸ್ ಅವರು 1958ರಲ್ಲಿ ಕಲ್ಕತ್ತೆಯಲ್ಲಿ ವಿಶ್ವ ಅಮೆಚೂರ್ ಬಿಲಿಯರ್ಡ್ಸ್ ಪಟ್ಟವನ್ನು ಗೆದ್ದು, 1964ರಲ್ಲಿ ಮತ್ತೆ ಗೆದ್ದರು. 1985ರಲ್ಲಿ ವಿಶ್ವ ಬಿಲಿಯರ್ಡ್ಸ್ ಸ್ಪರ್ಧೆ ನಡೆದದ್ದು ಇದೇ ಹೊಸದೆಹಲಿಯಲ್ಲಿ. ಗೆದ್ದವರು ಗೀತ್ ಸೇಠಿ.

ಅದೇ 1985ರ ಜುಲೈ 24ರಂದು ಪುಣೆಯಲ್ಲಿ ಹುಟ್ಟಿದ ಮಗು ಪಂಕಜ್ ಅಡ್ವಾಣಿ. ಸಿಂಧಿ ಮನೆತನ. ಅವರ ಬಾಲ್ಯವೂ ನಮ್ಮಂತೆ ವಲಸೆಯದೇ. ಕುಟುಂಬ ಕುವೈತಿನಲ್ಲಿತ್ತು, ಕೊಲ್ಲಿ ಯುದ್ಧದ ಹೊತ್ತಿಗೆ ಅಲ್ಲಿಂದ ಹೊರಟು ಬೆಂಗಳೂರು ಸೇರಿತು. ತಂದೆಯವರನ್ನು ಕಳೆದುಕೊಂಡಾಗ ಪಂಕಜ್ ತೀರ ಚಿಕ್ಕವರು. ತಾಯಿ ಇಬ್ಬರು ಗಂಡುಮಕ್ಕಳನ್ನು ಬೆಂಗಳೂರಿನಲ್ಲಿ ಬೆಳೆಸಿದರು.

ಕ್ಯೂ ಹಿಡಿದವರು ಮೊದಲು ಅಣ್ಣ ಶ್ರೀ. ಹತ್ತು ವರ್ಷದ ತಮ್ಮ ಅಣ್ಣನ ಹಿಂದೆ ಹೋಗಿ ನಿಂತು ನೋಡುತ್ತಿದ್ದ. ಎಷ್ಟೋ ದಿನ ನೋಡಿದ ಮೇಲೆ ತಾನೂ ಒಂದು ಕೈ ನೋಡಿದ. ನಮಗೆ ಇಲ್ಲಿ ಮುಖ್ಯವಾಗಿ ಕಾಣುವುದು ಆ ನೋಡುತ್ತಾ ನಿಂತ ದಿನಗಳು. ಸಂಗೀತಗಾರರ ಮನೆಯ ಮಗು ಹಾಡುವುದಕ್ಕೆ ಮೊದಲು ಕೇಳುತ್ತದಲ್ಲವೆ, ಇದೂ ಹಾಗೆಯೇ.

ಅನಂತರ ದೊರೆತವರು ಗುರು. ಮಾಜಿ ರಾಷ್ಟ್ರೀಯ ಸ್ನೂಕರ್ ಚಾಂಪಿಯನ್ನರಾದ ಅರವಿಂದ ಸವೂರ್ ಅವರು ಬೆಂಗಳೂರಿನಲ್ಲಿ ಈ ಹುಡುಗನನ್ನು ಕೈಗೆತ್ತಿಕೊಂಡು ತಿದ್ದಿದರು. ಜೊತೆಗೆ ಕರ್ನಾಟಕ ರಾಜ್ಯ ಬಿಲಿಯರ್ಡ್ಸ್ ಸಂಸ್ಥೆಯ ಮೇಜುಗಳಿದ್ದವು, ಅಲ್ಲಿ ತನಗಿಂತ ಹಿರಿಯರಾದ ಬಲಿಷ್ಠ ಆಟಗಾರರಿದ್ದರು. ಚಿಕ್ಕವನು ಸೋಲುತ್ತಾ ಕಲಿಯುವುದಕ್ಕೆ ಬೇಕಾದ ಸನ್ನಿವೇಶ ಅದು. ಹನ್ನೆರಡನೆಯ ವಯಸ್ಸಿಗೆ ಮೊದಲ ಪ್ರಶಸ್ತಿ ಬಂತು. 2000ದಲ್ಲಿ ರಾಷ್ಟ್ರೀಯ ಕಿರಿಯರ ಬಿಲಿಯರ್ಡ್ಸ್ ಪಟ್ಟ, 2001ರಲ್ಲಿ ಮತ್ತೊಮ್ಮೆ, 2003ರಲ್ಲಿ ಮಗದೊಮ್ಮೆ. ಆ 2003ನೆಯ ಇಸವಿ ಅವರ ಪಾಲಿಗೆ ಸುಗ್ಗಿಯ ವರ್ಷ. ಕಿರಿಯರ ಸ್ನೂಕರ್ ಪಟ್ಟವೂ ಬಂತು, ಹಿರಿಯರ ರಾಷ್ಟ್ರೀಯ ಸ್ನೂಕರ್ ಪಟ್ಟವೂ ಬಂತು. ಅದನ್ನು ಅಷ್ಟು ಚಿಕ್ಕ ವಯಸ್ಸಿನಲ್ಲಿ ಅದುವರೆಗೆ ಯಾರೂ ಗೆದ್ದಿರಲಿಲ್ಲ. ಅದೇ ವರ್ಷ ಚೀನದ ಜಿಯಾಂಗ್‌ಮೆನ್ ನಗರದಲ್ಲಿ ಪಾಕಿಸ್ತಾನದ ಸಾಲೇ ಮೊಹಮ್ಮದ್ ಅವರನ್ನು ಅಂತಿಮ ಪಂದ್ಯದಲ್ಲಿ ಸೋಲಿಸಿ ವಿಶ್ವ ಅಮೆಚೂರ್ ಸ್ನೂಕರ್ ಚಾಂಪಿಯನ್ ಆದರು. ವಯಸ್ಸು ಹದಿನೆಂಟು. ಮರುವರ್ಷವೇ ಅರ್ಜುನ ಪ್ರಶಸ್ತಿ.

ಹತ್ತರಿಂದ ಹದಿನೆಂಟು ಎಂದರೆ ಎಂಟು ವರ್ಷ. ಪತ್ರಿಕೆಗಳು ‘ದಿಢೀರನೆ ಮೂಡಿದ ತಾರೆ’ ಎಂಬ ಧಾಟಿಯಲ್ಲಿ ಬರೆಯುವುದುಂಟು. ಎಂಟು ವರ್ಷಕ್ಕೆ ದಿಢೀರ್ ಎಂಬ ಮಾತು ಹೊಂದುವುದೆಂದು ನಮಗೆ ತೋರುವುದಿಲ್ಲ. ಇನ್ನೊಂದು ಸಂಗತಿಯನ್ನು ನಮ್ಮ ಗುಮಾಸ್ತ ಮಿತ್ರರು ಗಮನಿಸಬೇಕು. ಆಟಕ್ಕಾಗಿ ಓದು ನಿಲ್ಲಲಿಲ್ಲ. ಬೆಂಗಳೂರಿನ ಫ್ರಾಂಕ್ ಆಂಟನಿ ಶಾಲೆಯಲ್ಲಿ ಓದಿ, ಮಹಾವೀರ ಜೈನ್ ಕಾಲೇಜಿನಲ್ಲಿ ವಾಣಿಜ್ಯದ ಪದವಿ ಪಡೆದರು.

ಸ್ನೂಕರಿನಲ್ಲಿ ಗೆದ್ದವರು ಬಿಲಿಯರ್ಡ್ಸಿನಲ್ಲೂ ಗೆಲ್ಲುವುದು ಅಪೂರ್ವ. ಒಂದಕ್ಕೆ ಬೇಕಾದ ಕೈ ಇನ್ನೊಂದಕ್ಕೆ ಒಗ್ಗದು. ಸ್ನೂಕರಿನಲ್ಲಿ ದೂರದ ಚೆಂಡನ್ನು ಕರಾರುವಾಕ್ಕಾಗಿ ಬೀಳಿಸುವ ಬಿಗಿ ಬೇಕು; ಬಿಲಿಯರ್ಡ್ಸಿನಲ್ಲಿ ಮೂರು ಚೆಂಡುಗಳನ್ನೂ ಹತ್ತಿರದಲ್ಲಿಟ್ಟುಕೊಂಡು ಮೆಲ್ಲಗೆ ನೇವರಿಸುವ ಹದ ಬೇಕು. ಅಡ್ವಾಣಿಯವರು 2005ರಲ್ಲಿ ಮಾಲ್ಟಾ ದ್ವೀಪದಲ್ಲಿ ವಿಶ್ವ ಬಿಲಿಯರ್ಡ್ಸ್ ಪಟ್ಟಗಳೆರಡನ್ನೂ ಒಟ್ಟಿಗೆ ಗೆದ್ದರು. ಒಂದು, ಇಷ್ಟು ಅಂಕವನ್ನು ಮೊದಲು ಮುಟ್ಟಿದವರು ಗೆಲ್ಲುವ ಬಗೆ. ಇನ್ನೊಂದು, ಗೊತ್ತಾದ ಸಮಯದೊಳಗೆ ಹೆಚ್ಚು ಅಂಕ ಮಾಡಿದವರು ಗೆಲ್ಲುವ ಬಗೆ. ಒಂದೇ ವರ್ಷದಲ್ಲಿ ಎರಡನ್ನೂ ಗೆದ್ದವರು ಅವರಿಗೆ ಮೊದಲು ಇರಲಿಲ್ಲ. ಆಗ ಅವರಿಗೆ ಇಪ್ಪತ್ತು. ದೇಶದ ಅತ್ಯುನ್ನತ ಕ್ರೀಡಾ ಪ್ರಶಸ್ತಿಯಾದ ಖೇಲ್ ರತ್ನವೂ 2005-06ರ ಸಾಲಿಗೆ ಅವರದಾಯಿತು. 2006ರ ದೋಹಾ, 2010ರ ಗ್ವಾಂಗ್‌ಝೌ ಏಷ್ಯನ್ ಕ್ರೀಡೆಗಳಲ್ಲಿ ಬಿಲಿಯರ್ಡ್ಸ್ ಸ್ವರ್ಣ, ನಡುವೆ 2009ರಲ್ಲಿ ಇಂಗ್ಲೆಂಡಿನ ಲೀಡ್ಸಿನಲ್ಲಿ ಮೈಕ್ ರಸೆಲ್ಲರನ್ನು ಸೋಲಿಸಿ ವಿಶ್ವ ವೃತ್ತಿಪರ ಬಿಲಿಯರ್ಡ್ಸ್ ಪಟ್ಟ. ಗೀತ್ ಸೇಠಿಯವರ ನಂತರ ಈ ವೃತ್ತಿಪರ ಪಟ್ಟ ಗೆದ್ದ ಭಾರತೀಯರು ಇವರೇ.

ಪೂಲಿನಲ್ಲಿಯೂ ಇಂಥ ಬಾಲಪ್ರತಿಭೆಗಳು ಹೊರದೇಶಗಳಲ್ಲಿ ಮೂಡಿದ್ದುಂಟು. ಅಡ್ವಾಣಿಯವರು ಮಾಲ್ಟಾದಲ್ಲಿ ಗೆದ್ದ ಅದೇ 2005ರಲ್ಲಿ ತೈವಾನಿನ ವೂ ಜಿಯಾ-ಚಿಂಗ್ ಎಂಬ ಹದಿನಾರರ ಹುಡುಗ ಒಂಬತ್ತು ಚೆಂಡಿನ ವಿಶ್ವ ಪಟ್ಟವನ್ನೂ ಎಂಟು ಚೆಂಡಿನ ವಿಶ್ವ ಪಟ್ಟವನ್ನೂ ಗೆದ್ದು ಜಗತ್ತನ್ನು ಬೆರಗುಗೊಳಿಸಿದ. ಒಂಬತ್ತು ಚೆಂಡಿನ ಆಟದಲ್ಲಿ ಮೇಜಿನ ಮೇಲಿರುವ ಅತಿ ಚಿಕ್ಕ ಸಂಖ್ಯೆಯ ಚೆಂಡನ್ನೇ ಮೊದಲು ತಾಗಬೇಕು. ನಿಯಮ ತಪ್ಪದೆ ಒಂಬತ್ತನೆಯದನ್ನು ಬೀಳಿಸಿದವನಿಗೆ ಜಯ. ತೈವಾನ್, ಫಿಲಿಪ್ಪೀನ್ಸ್ ದೇಶಗಳಲ್ಲಿ ಪೂಲ್ ಜನಸಾಮಾನ್ಯರ ಆಟ, ಅಲ್ಲಿ ಅದಕ್ಕೆ ಪ್ರೇಕ್ಷಕರೂ ಬಹುಮಾನವೂ ಇವೆ. ನಮ್ಮ ದೇಶದಲ್ಲಿ ಹೆಸರು ತಂದಿರುವುದು ಬಹುಮಟ್ಟಿಗೆ ಬಿಲಿಯರ್ಡ್ಸ್ ಮತ್ತು ಸ್ನೂಕರ್.

ಈಗ ಅನ್ನದ ಪ್ರಶ್ನೆ, ನಮ್ಮಂಥವರಿಗೆ ಇದೇ ಮುಖ್ಯ. ಕ್ರಿಕೆಟ್ಟಿನ ಹಣ ಈ ಆಟಗಳಲ್ಲಿಲ್ಲ. ಒಲಿಂಪಿಕ್ ಕ್ರೀಡೆಗಳಲ್ಲಿ ಇವಕ್ಕೆ ಎಂದೂ ಸ್ಥಾನ ದೊರೆತಿಲ್ಲ. 1998ರಿಂದ 2010ರವರೆಗೆ ಏಷ್ಯನ್ ಕ್ರೀಡೆಗಳಲ್ಲಿದ್ದದ್ದು 2014ರಲ್ಲಿ ಕೈಬಿಟ್ಟುಹೋಯಿತು. ವೃತ್ತಿಪರ ಸ್ನೂಕರಿನ ಕೇಂದ್ರ ಇಂಗ್ಲೆಂಡು. ಅಡ್ವಾಣಿಯವರು 2012ರಲ್ಲಿ ಆ ವೃತ್ತಿಪರರ ಸಾಲಿಗೆ ಸೇರಿ, 2013ರ ವೆಲ್ಷ್ ಓಪನ್ ಸ್ಪರ್ಧೆಯಲ್ಲಿ ಕೊನೆಯ ಎಂಟರ ಘಟ್ಟ ಮುಟ್ಟಿದರು. ರ‍್ಯಾಂಕಿಂಗ್ ಸ್ಪರ್ಧೆಯೊಂದರಲ್ಲಿ ಅಷ್ಟು ದೂರ ಹೋದ ಭಾರತೀಯರಲ್ಲಿ ಅವರೇ ಮೊದಲಿಗರು. ಅದೇ ವರ್ಷ ಅಕ್ಟೋಬರಿನಲ್ಲಿ ಅಂಥ ಸ್ಪರ್ಧೆ ಮೊದಲ ಬಾರಿಗೆ ಹೊಸದೆಹಲಿಗೆ ಬಂದಾಗ ಮುಂಬಯಿಯ ಆದಿತ್ಯ ಮೆಹ್ತಾ ಅಂತಿಮ ಪಂದ್ಯದವರೆಗೆ ಹೋಗಿ ಚೀನದ ಡಿಂಗ್ ಜುನ್‌ಹುಯಿಗೆ ಸೋತರು. ಆದರೂ 2014ರಲ್ಲಿ ಅಡ್ವಾಣಿಯವರು ವೃತ್ತಿಪರ ಸ್ಥಾನವನ್ನು ಬಿಟ್ಟು ಊರಿಗೆ ಮರಳಿದರು. ಬಿಲಿಯರ್ಡ್ಸ್ ಬಿಡಲು ಮನಸ್ಸಿಲ್ಲ, ಮನೆಯವರಿಂದ ತಿಂಗಳುಗಟ್ಟಲೆ ದೂರವಿರಲೂ ಮನಸ್ಸಿಲ್ಲ. ವರ್ಷಕ್ಕೊಮ್ಮೆ ರಜೆ ಪಡೆದು ಊರಿನ ರೈಲು ಹತ್ತುವ ನಮಗೆ ಈ ನಿರ್ಧಾರ ಅರ್ಥವಾಗದೆ ಹೋಗದು.

ಹಾಗೆ ಮರಳಲು ಸಾಧ್ಯವಾದದ್ದು ಕೆಳಗೆ ನೆಲ ಗಟ್ಟಿಯಾಗಿದ್ದುದರಿಂದ. ಅವರು ಕೇಂದ್ರ ಸರಕಾರದ ಉದ್ಯಮವಾದ ಒಎನ್‌ಜಿಸಿಯ ಉದ್ಯೋಗಿ; ರಾಷ್ಟ್ರೀಯ ಸ್ಪರ್ಧೆಗಳಲ್ಲಿ ಆಡುವುದು ಪೆಟ್ರೋಲಿಯಂ ಕ್ರೀಡಾ ಮಂಡಳಿಯ ಪರವಾಗಿ. ತಿಂಗಳ ಸಂಬಳವೊಂದಿದ್ದರೆ ಸೋತ ದಿನವೂ ಅಡಿಗೆಮನೆಯ ಒಲೆ ಉರಿಯುತ್ತದೆ. 2024ರಲ್ಲಿ ದೋಹಾದಲ್ಲಿ ಗೆದ್ದ ಬಿಲಿಯರ್ಡ್ಸ್ ಪಟ್ಟವೂ ಸೇರಿ ಅವರ ವಿಶ್ವ ಪ್ರಶಸ್ತಿಗಳ ಸಂಖ್ಯೆ 28ಕ್ಕೆ ಮುಟ್ಟಿತು. 2018ರಲ್ಲಿ ಪದ್ಮಭೂಷಣ ಬಂದಿತ್ತು.

ಇನ್ನು ನೆಲಮಾಳಿಗೆಯಲ್ಲಿರುವ ಹುಡುಗನ ವಿಚಾರ. ಪಾರ್ಲರು ಅವನಿಗೆ ಮೇಜನ್ನು ಕೊಡುತ್ತದೆ, ಅಷ್ಟು ಮಾತ್ರ. ತೋಳು ಸೊಟ್ಟಗಾದಾಗ ತಿದ್ದುವ ಕಣ್ಣು ಅಲ್ಲಿಲ್ಲ, ವಯೋಮಾನದ ಪಂದ್ಯಗಳ ಪಟ್ಟಿ ಅಲ್ಲಿಲ್ಲ. ಪಣ ಕಟ್ಟಿ ಆಡುವ ಜಾಗವಾದರೆ ಒಂದು ದಿನವೂ ಕಳಿಸಬಾರದು. ಹಾಗಿಲ್ಲದಿದ್ದರೆ ತಂದೆಯವರು ಒಂದು ಸಂಜೆ ತಾವೇ ಹೋಗಿ ಗೋಡೆಯ ಬದಿಯಲ್ಲಿ ನಿಂತು ನೋಡಲಿ. ಹುಡುಗ ಗೆಳೆಯರೊಡನೆ ಗದ್ದಲ ಮಾಡುತ್ತಾ ಆಡುತ್ತಾನೆಯೆ, ಅಥವಾ ತಪ್ಪಿದ ಹೊಡೆತವನ್ನೇ ಒಬ್ಬನೇ ಮತ್ತೆ ಮತ್ತೆ ಇಟ್ಟುಕೊಂಡು ಹೊಡೆಯುತ್ತಾನೆಯೆ? ಎರಡನೆಯದಾದರೆ ಬೈಯುವ ಮೊದಲು ತರಬೇತಿ ಕೊಡುವವರನ್ನು ವಿಚಾರಿಸುವುದು ಮೇಲು. ಶಾಲೆಯ ಅಂಕಪಟ್ಟಿ ಪಕ್ಕದಲ್ಲಿರಲಿ.

ನಮಗೆ ವಯಸ್ಸು ಮೀರಿತೆಂದು ನಿಟ್ಟುಸಿರಿಡುವ ಓದುಗರಿಗೂ ಒಂದು ಸುದ್ದಿ ಇದೆ. ಬೆಂಗಳೂರಿನ ಉಮಾದೇವಿ ನಾಗರಾಜ್ ಅವರು ಕ್ಯೂ ಹಿಡಿದದ್ದು ಬಾಲ್ಯದಲ್ಲಲ್ಲ, ಸರಕಾರಿ ನೌಕರಿಯಲ್ಲಿದ್ದಾಗ. 2012ರ ಮಹಿಳೆಯರ ವಿಶ್ವ ಬಿಲಿಯರ್ಡ್ಸ್ ಪಟ್ಟ ಅವರದಾಯಿತು.